ಮೊಹರು ಬಿದ್ದ ನಮ್ಮ ಬಸ್ಸು, ಅಳಿಸಿಹೋದ ಗುರಮ್ಮನ ಹೆಸರು

ಮಾನ್ಯರೇ,

ನಾವು ಇರುವುದು ಮನೆಯಲ್ಲಿ ಅಲ್ಲ, ಬಸ್ಸಿನಲ್ಲಿ ಎಂಬ ಕಾರಣ ಕೊಟ್ಟು ತಾವು ನನ್ನ ಹೆಂಡತಿ ಗುರಮ್ಮನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲಿಲ್ಲ. ಆಮೇಲೆ ಅದೇ ಬಸ್ಸನ್ನು ಜಪ್ತಿ ಮಾಡಿ, ಬಾಗಿಲಿಗೆ ಅರಗಿನ ಮೊಹರು ಹಾಕಿಸಿ, ತಮ್ಮ ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡಿದ್ದೀರಿ. ಇವತ್ತಿಗೆ ನಲವತ್ತೊಂದು ದಿನ. ಒಳಗೆ ನಮ್ಮ ಹಾಸಿಗೆ ಇದೆ, ಒಲೆ ಇದೆ, ನನ್ನ ಓದುವ ಕನ್ನಡಕ ಇದೆ, ಮಧ್ಯಾಹ್ನದ ರೊಟ್ಟಿಗೆಂದು ಗುರಮ್ಮ ಅಗಲ ತಟ್ಟೆ ಪರಾತದಲ್ಲಿ ನಾದಿಟ್ಟಿದ್ದ ಜೋಳದ ಹಿಟ್ಟೂ ಇದೆ. ಆ ಹಿಟ್ಟಿನ ಈಗಿನ ಸ್ಥಿತಿ ನನಗಿಂತ ತಮಗೆ ಚೆನ್ನಾಗಿ ಗೊತ್ತಿರಬೇಕು, ಗಾಳಿ ತಮ್ಮ ಕಿಟಕಿಯ ಕಡೆಗೇ ಬೀಸುತ್ತದೆ.

ತಮ್ಮ ಹೆಸರನ್ನಾಗಲಿ, ಕಚೇರಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ‘ಇದು ನಮ್ಮ ಶಾಖೆಗೆ ಸಂಬಂಧಿಸಿದ್ದಲ್ಲ’ ಎಂದು ಷರಾ ಬರೆದು ಬೇರೆ ಕಚೇರಿಗೆ ತಳ್ಳಿಬಿಡುತ್ತೀರಿ. ಹಿಂದೆ ಕಳಿಸಿದ ನಾಲ್ಕು ಅರ್ಜಿಗಳೂ ಹಾಗೆಯೇ ಬೀದರದಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಿಗೆ, ಔರಾದಿನಿಂದ ಮತ್ತೆ ಬೀದರಕ್ಕೆ ಪ್ರವಾಸ ಮಾಡಿ ಬಂದಿವೆ. ನಿವೃತ್ತಿಯ ಮೇಲೆ ಊರು ತಿರುಗುವವರು ನಾವಿಬ್ಬರೇ ಎಂದುಕೊಂಡಿದ್ದೆ. ನಮ್ಮ ಅರ್ಜಿಗಳು ನಮಗಿಂತ ಹೆಚ್ಚು ತಿರುಗಿವೆ, ಅವುಗಳಿಗೆ ಯಾರೂ ಸ್ಥಿರ ವಿಳಾಸ ಕೇಳಿಲ್ಲ. ಅದಕ್ಕೇ ಈ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಊರವರು ಓದಲಿ. ಓದಿದವರಲ್ಲಿ ಯಾರಾದರೂ ತಮಗೆ ಓದಿ ಹೇಳಲಿ.

ನಾನು ಯಾರೆಂದು ಮೊದಲು ಹೇಳಬೇಕು. ಹಾವಗೆಪ್ಪ, ವಯಸ್ಸು ಐವತ್ತೇಳು. ನಿಜಾಮರ ಸರಕಾರದಲ್ಲಿ ಮೂವತ್ತೆರಡು ವರ್ಷ ಭೂಮಾಪನದ ಅಮೀನನಾಗಿದ್ದೆ. ಹೊಲ ಅಳೆಯುವ ಸರಪಳಿ, ಎರಡು ಪೆಟ್ಟಿಗೆ ನಕಾಶೆ, ಒಂದು ಡೇರೆ, ಇವಿಷ್ಟೇ ನನ್ನ ಸಂಸಾರ. ಊರ ಹೊರಗೆ ಡೇರೆ ಹೊಡೆಯುವುದು, ಅಳೆಯುವುದು, ಕಿತ್ತುಕೊಂಡು ಮುಂದಿನ ಊರಿಗೆ ಹೋಗುವುದು. ವರ್ಷದಲ್ಲಿ ಹತ್ತು ತಿಂಗಳು ಹೀಗೆ. ಆ ವರ್ಷಗಳಲ್ಲೆಲ್ಲ ಗುರಮ್ಮ ಭಾಲ್ಕಿಯ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ನಮಗೆ ಮಕ್ಕಳಾಗಲಿಲ್ಲ. ಮಳೆಗಾಲದ ಎರಡು ತಿಂಗಳು ಮನೆಗೆ ಬಂದಾಗ ನಾನು ಮಂಜರಾ ನದಿಯ ತಿರುವು, ಔರಾದ ಕಡೆಯ ಕರಿಮಣ್ಣಿನ ಬಯಲು, ಮನ್ನಳ್ಳಿಯ ಹುಣಸೆಮರಗಳ ಸುದ್ದಿ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಭಾಲ್ಕಿ ಸ್ಟೇಶನ್ನಿನ ಆಚೆಗೆ ಅವಳು ಏನನ್ನೂ ನೋಡಿರಲಿಲ್ಲ.

ಗಡಿಬಿಡಿಯ ವರ್ಷ, ಅಂದರೆ ನಲವತ್ತೆಂಟರಲ್ಲಿ, ಆ ಬಾಡಿಗೆ ಮನೆ ಸುಟ್ಟುಹೋಯಿತು. ಯಾರು ಹಚ್ಚಿದರೆಂಬುದಕ್ಕೆ ಭಾಲ್ಕಿಯ ಒಂದು ಓಣಿಯವರು ಒಂದು ಹೇಳುತ್ತಾರೆ, ಇನ್ನೊಂದು ಓಣಿಯವರು ಇನ್ನೊಂದು ಹೇಳುತ್ತಾರೆ. ನಾನು ಕಣ್ಣಾರೆ ಕಂಡವನಲ್ಲ, ಕಾಣದ್ದನ್ನು ನಕಾಶೆಯಲ್ಲಿ ಬರೆದು ಅಭ್ಯಾಸವೂ ಇಲ್ಲ. ಗುರಮ್ಮ ಕೈಯಲ್ಲಿ ಒಂದು ಟ್ರಂಕು ಹಿಡಿದು ಹಿಂದಿನ ಬಾಗಿಲಿನಿಂದ ಹೊರಗೆ ಬಂದು, ಮುಂದಿನ ಎರಡು ವರ್ಷ ಅದೇ ಊರಿನ ಇನ್ನೊಂದು ಬಾಡಿಗೆ ಕೋಣೆಯಲ್ಲಿ ಕಳೆದಳು. ಪೊಲೀಸ್ ಆಕ್ಷನ್ ಆಗಿ ಹಿಂದುಸ್ತಾನದ ಸೈನ್ಯ ಬಂತು, ನಿಜಾಮರ ಬಾವುಟ ಬದಲಾಯಿತು, ಎರಡು ವರ್ಷಕ್ಕೆ ನನಗೆ ಪೆನ್ಶನ್ ಆಯಿತು. ಬೀದರದಲ್ಲಿ ಒಂದು ಮನೆ ನೋಡೋಣವೇ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು:

“ಮೂವತ್ತೆರಡ ವರ್ಷ ಗ್ವಾಡಿ ನೋಡಿ ಸಾಕಾಗ್ಯಾದರಿ. ನೀವು ಹೇಳಿದ ಊರೆಲ್ಲ ಖರೆ ಅದಾವೋ ಇಲ್ಲೋ, ಒಮ್ಮಿ ನೋಡ್ಕೊಂಡ ಬರ್ತೇನಿ. ನೀವು ಬಂದ್ರ ಬರ್ರಿ.”

ಬೀದರದ ಅಬ್ದುಲ ಅಜೀಜ ಉದಗೀರ ದಾರಿಯಲ್ಲಿ ಬಾಡಿಗೆ ಬಸ್ಸು ಓಡಿಸುತ್ತಿದ್ದವರು, ನನ್ನ ಹಳೆಯ ಪರಿಚಯ. ಗಡಿಬಿಡಿಯ ನಂತರ ಅವರ ಬಸ್ಸಿಗೆ ಪರವಾನಗಿ ಸಿಗಲಿಲ್ಲ. ಇಂಜಿನ್ನು ಗಟ್ಟಿ, ಮೈಯೆಲ್ಲ ತುಕ್ಕು. ಆ ಬಸ್ಸನ್ನು ನಾವು ಕೊಂಡೆವು. ಅಜೀಜ ಸೀಟುಗಳನ್ನು ಕಿತ್ತು ಎರಡು ಮಂಚ ಕೂಡಿಸಿದರು, ಕಬ್ಬಿಣದ ಪಟ್ಟಿಗಳ ನಡುವೆ ಇದ್ದಿಲ ಒಲೆ ಅಲುಗದಂತೆ ಬಿಗಿದರು, ಮಾಡಿನ ಮೇಲೆ ನೀರಿನ ಪೀಪಾಯಿ ಕಟ್ಟಿ ಒಳಗೊಂದು ನಳ ಬಿಟ್ಟರು. ಅವರ ಹೆಂಡತಿ ಮರಿಯಮಬೀ ಹಳೆಯ ಸೀರೆಗಳಿಂದ ಕಿಟಕಿಗೆ ಪರದೆ ಹೊಲಿದುಕೊಟ್ಟರು. ಲಿಂಗಪೂಜೆಗೆ ಮೂಲೆಯಲ್ಲೊಂದು ಗೂಡು ಆಯಿತು. ಡೇರೆಯಲ್ಲಿ ಮೂವತ್ತೆರಡು ವರ್ಷ ಮಳೆಗೆ ನೆನೆದ ನನಗೆ ಅದು ಅರಮನೆಯಂತೆ ಕಂಡಿತು.

ಓಡಿಸುವವರು ಯಾರು? ಅಳತೆಯ ದೂರದರ್ಶಕದ ಕಣ್ಣಿನಲ್ಲಿ ಬಿಸಿಲು ನೋಡಿ ನೋಡಿ ನನ್ನ ಬಲಗಣ್ಣು ಮಂಜಾಗಿತ್ತು. ಅಜೀಜ ನನ್ನನ್ನು ಒಮ್ಮೆ ಚಕ್ರದ ಮುಂದೆ ಕೂಡಿಸಿ, ಬಸ್ಸು ಒಂದು ಕುಂಬಾರನ ಅಂಗಳದೊಳಗೆ ಹೋದ ಮೇಲೆ ಮರ್ಯಾದೆಯಿಂದ ಇಳಿಸಿದರು. ಆಗ ಗುರಮ್ಮ ಸೆರಗು ಬಿಗಿದು ಹತ್ತಿದಳು. ಕೋಟೆಯ ಹೊರಗಿನ ಬಯಲಿನಲ್ಲಿ ಒಂದೂವರೆ ತಿಂಗಳು ಕಲಿತಳು. ಮೊದಲ ದಿನ ಅವಳು ಗೇರು ಹಾಕುವಾಗಲೆಲ್ಲ ಕಣ್ಣು ಮುಚ್ಚಿ ಬಸವಣ್ಣನ ಹೆಸರು ಹೇಳುತ್ತಿದ್ದಳು.

“ಅವ್ವಾರ, ದೇವರ ಹೆಸರು ಬೇಶಕ್ ತಗೋರಿ,” ಎಂದರು ಅಜೀಜ, “ಖರೆ ಕಣ್ಣ ಮಾತ್ರ ತೆರಕೊಂಡಿರ್ರಿ. ರಸ್ತಾ ನೋಡೋದು ನಮ್ಮ ಕೆಲಸ, ಅವಂದಲ್ಲ.”

ಪರೀಕ್ಷೆ ಮಾಡಿ ಲೈಸೆನ್ಸು ಕೊಟ್ಟ ಇನ್ಸ್‌ಪೆಕ್ಟರು ಅದನ್ನು ಮೂರು ಸಲ ತಿರುಗಿಸಿ ನೋಡಿ, ಹೆಸರಿನ ಮುಂದೆ ಶ್ರೀಮಾನ್ ಎಂದು ಅಚ್ಚಾಗಿದ್ದುದನ್ನು ಕೈಯಿಂದ ಶ್ರೀಮತಿ ಎಂದು ತಿದ್ದಿಕೊಟ್ಟರು. ಸರಕಾರದ ಒಂದು ಕಾಗದ ಗುರಮ್ಮನಿಗಾಗಿ ತನ್ನನ್ನು ತಾನು ತಿದ್ದಿಕೊಂಡದ್ದು ಅದೊಂದೇ ಸಲ.

ಹೀಗೆ ಹೊರಟೆವು. ಮನ್ನಳ್ಳಿಯಲ್ಲಿ ವಾರ, ಬಗದಲದಲ್ಲಿ ಎರಡು ವಾರ, ಮಂಜರಾ ದಂಡೆಯಲ್ಲಿ ತಿಂಗಳು. ಮೊದಮೊದಲು ಊರವರು ಸರ್ಕಸ್ ಬಂತೆಂದುಕೊಂಡರು, ಕೆಲವರು ಸಿಡುಬಿನ ಸೂಜಿ ಚುಚ್ಚುವವರು ಬಂದರೆಂದು ಹೊಲಕ್ಕೆ ಓಡಿದರು. ಆಮೇಲೆ ಹೆಂಗಸರು ಒಬ್ಬೊಬ್ಬರೇ ಬಂದು ಒಲೆ ನೋಡಿದರು, ನಳ ತಿರುಗಿಸಿದರು, ಮಂಚದ ಮೇಲೆ ಕುಳಿತು ನಕ್ಕರು. ಮಂಜರಾ ದಂಡೆಯಲ್ಲಿ ಮೊದಲ ಮುಂಜಾನೆ ಗುರಮ್ಮ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಚಹಾ ಕಾಸಿ ಕೊಟ್ಟೆ. ಬಹಳ ಹೊತ್ತು ನದಿಯನ್ನು ನೋಡಿದಳು. “ನೀವು ಹೇಳಿದ್ದಕ್ಕಿಂತ ಅಗಲ ಅದರಿ,” ಎಂದಳು. ನಾನು ಆ ನದಿಯನ್ನು ಗಜ ಗಜ ಅಳೆದವನು. ಆದರೂ ವಾದ ಮಾಡಲಿಲ್ಲ.

ಈಗ ತಮ್ಮ ಇಲಾಖೆಯ ವಿಷಯಕ್ಕೆ ಬರುತ್ತೇನೆ. ಮೊದಲು ತಯಾರಾದ ಮತದಾರರ ಪಟ್ಟಿಯನ್ನು ಯಾರೋ ಪಟವಾರಿಯ ಹಳೆಯ ದಫ್ತರ ನೋಡಿ ಬರೆದಿದ್ದರು. ಅದರಲ್ಲಿ ಭಾಲ್ಕಿಯ ಸುಟ್ಟ ಮನೆಯ ನಂಬರಿನ ಎದುರಿಗೆ ನನ್ನ ಹೆಸರಿತ್ತು. ಅದರ ಕೆಳಗೆ ‘ಹಾವಗೆಪ್ಪನ ಮನೆಯವರು’ ಎಂದಿತ್ತು. ಹೋದ ಬೇಸಿಗೆಯಲ್ಲಿ ಪಟ್ಟಿ ತಿದ್ದುವಾಗ, ಸ್ವಂತ ಹೆಸರಿಲ್ಲದ ಹೆಂಗಸರನ್ನೆಲ್ಲ ತಾವು ಒಂದೇ ಗೆರೆಯಲ್ಲಿ ಹೊಡೆದುಹಾಕಿದಿರಿ. ನಿಯಮ ಸರಿಯೇ ಇರಬಹುದು. ಹೆಸರಿಲ್ಲದೆ ಓಟು ಕೊಡುವುದು ಹೇಗೆ? ಆದರೆ ಹೆಸರು ಕೇಳದೆ ಬರೆದವರು ತಮ್ಮವರೇ, ಹೆಸರಿಲ್ಲವೆಂದು ಹೊಡೆದವರೂ ತಮ್ಮವರೇ. ನಡುವೆ ಗುರಮ್ಮ ಮಾಡಿದ ತಪ್ಪೇನು, ಆಗ ಮನೆಯಲ್ಲಿ ಇರಲಿಲ್ಲವೆಂಬುದೇ? ಮನೆಯೇ ಇರಲಿಲ್ಲ, ಸ್ವಾಮಿ. ಸುಟ್ಟು ಬೂದಿಯಾದ ಮನೆಯಲ್ಲಿ ನನ್ನನ್ನು ಮಾತ್ರ ಇನ್ನೂ ವಾಸಕ್ಕಿಟ್ಟಿದ್ದೀರಿ. ಗೋಡೆ ಇಲ್ಲ, ಮಾಡಿಲ್ಲ, ಆದರೆ ಒಬ್ಬ ಮತದಾರನಿದ್ದಾನೆ!

ಹೆಸರು ಮತ್ತೆ ಸೇರಿಸಲು ಅವಕಾಶವಿದೆಯೆಂದು ತಿಳಿಯಿತು. ಬಗದಲದಲ್ಲಿ ತಮ್ಮ ಗಣತಿಯವನು ಕೆಮ್ಮಣ್ಣಿನ ಡಬ್ಬಿ ಹಿಡಿದು ಬಾಗಿಲು ಬಾಗಿಲಿಗೆ ನಂಬರು ಬರೆಯುತ್ತಾ ಬಂದು, ನಮ್ಮ ಬಸ್ಸಿನ ಬಾಗಿಲಿಗೂ ಒಂದು ನಂಬರು ಬರೆದ. ಮುಂದೆ ಭಾಲ್ಕಿ ಹತ್ತಿರದ ಒಂದು ಊರಲ್ಲಿ ಇನ್ನೊಬ್ಬ ಎರಡನೆಯ ನಂಬರು ಬರೆದ. ಔರಾದ ತಾಲೂಕಿನಲ್ಲಿ ಮೂರನೆಯದು. ಸಾಲಾಗಿ ಮೂರು ನಂಬರಿನ ಮನೆ ಇಡೀ ಹೈದರಾಬಾದ ರಾಜ್ಯದಲ್ಲಿ ನಮ್ಮದೊಂದೇ ಇದ್ದೀತು. ಪಟ್ಟಿಗೆ ಮಾತ್ರ ಒಂದೂ ಹತ್ತಲಿಲ್ಲ.

ಆ ಮೂರನೆಯ ನಂಬರು ಬಿದ್ದ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಊರೆಂದರೆ ಊರಲ್ಲ, ಹದಿನೈದು ಮನೆಗಳ ಒಂದು ವಾಡಿ. ಅದರ ಹೆಸರು ಬೇಡ. ಅಲ್ಲಿ ಗಂಡಸರು ಕಡಿಮೆ. ಪೊಲೀಸ್ ಆಕ್ಷನ್ನಿನ ನಂತರದ ವಾರದಲ್ಲಿ ಹೊರಗಿನಿಂದ ಬಂದ ಗುಂಪೊಂದು ಅಲ್ಲಿಯ ಗಂಡಸರನ್ನು ಕರೆದುಕೊಂಡು ಹೋಯಿತು. ಸಡಕಿಗೆ ಹೋಗುವ ದಾರಿಯಲ್ಲಿ ಒಂದು ಬಾವಿ ಇದೆ. ಆ ಬಾವಿಯ ನೀರನ್ನು ಈಗ ದನಗಳಿಗೂ ಕುಡಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು. ಮೂರು ವರ್ಷಗಳಿಂದ ಆ ವಾಡಿಯ ಹೆಂಗಸರು ಆ ದಾರಿಯಲ್ಲಿ ಕಾಲಿಟ್ಟಿರಲಿಲ್ಲ. ಸಂತೆಗೆ ಹೋಗಬೇಕಾದರೆ ಹಳ್ಳ ದಾಟಿ, ಮುಳ್ಳುಕಂಟಿಯಲ್ಲಿ ಸುತ್ತಿ, ಅರ್ಧ ದಿನ ನಡೆಯುತ್ತಿದ್ದರು.

ನಮ್ಮ ಬಸ್ಸಿನ ಹಿಂದಿನ ಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾ ಮುರಿದು ಅಲ್ಲಿ ನಿಂತೆವು. ಅಜೀಜ ಬೀದರದಿಂದ ಪಾಟಾ ತರುವವರೆಗೆ ಹದಿನೆಂಟು ದಿನ. ಗಂಡನನ್ನೂ ಇಬ್ಬರು ಮೈದುನರನ್ನೂ ಕಳೆದುಕೊಂಡ ಬಿಸ್ಮಿಲ್ಲಾಬೀ ಎಂಬ ಹೆಂಗಸು ಮೂರನೆಯ ದಿನ ಒಂದು ಕೊಡ ನೀರು ತಂದು ಮೆಟ್ಟಿಲ ಮೇಲಿಟ್ಟು ಹೋದಳು. ಮರುದಿನ ಗುರಮ್ಮ ಖಾಲಿ ಕೊಡದೊಳಗೆ ಶೇಂಗಾ ಹಿಂಡಿ ಕಟ್ಟಿಟ್ಟು ಕೊಂಡೊಯ್ದಳು. ಒಂದು ವಾರಕ್ಕೆ ಇಬ್ಬರೂ ಒಂದೇ ಕೌದಿಯ ಎರಡು ಅಂಚಿಗೆ ಕುಳಿತು ಹೊಲಿಯುತ್ತಿದ್ದರು.

ಆಗಲೇ ತಮ್ಮ ಗಣತಿಯವನು ಬಂದ. ವಾಡಿಯ ಹೆಂಗಸರು ಬಾಗಿಲ ಹಿಂದೆ ನಿಂತು ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದರು. ಅವನು ಬರೆದುಕೊಂಡ. ಗುರಮ್ಮ ಹೋಗಿ ಅವನ ಕಾಗದದ ಮೇಲೆ ಕೈಯಿಟ್ಟಳು.

“ತಮ್ಮಾ, ಹಿಂಗ ಬರದ್ರ ನಾಳಿ ಹೊಡದ ಹಾಕ್ತಾರ. ನನಗ ಗೊತ್ತದ. ಹೆಸರ ಕೇಳಿ ಬರಿ.”

“ಹೇಳವಲ್ಲರ್ರಿ ಅವ್ವಾ, ಹ್ಯಾಂಗ ಮಾಡ್ಲಿ?”

“ನಾ ಕೇಳ್ತೇನಿ. ನೀ ಸುಮ್ಮ ಬರಕೋತ ಹೋಗು.”

ಮನೆ ಮನೆಗೆ ಹೋದಳು. ಒಬ್ಬಳು ನಾಚಿದಳು, ಇನ್ನೊಬ್ಬಳು ಅತ್ತಳು, ಗೌಹರ ಎಂಬ ಮುದುಕಿಗೆ ತನ್ನ ಹೆಸರು ನೆನಪಿಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಆ ಹೆಸರಿನಿಂದ ಅವಳನ್ನು ಕೊನೆಗೆ ಕರೆದವಳು ತವರಿನ ತಾಯಿಯಂತೆ. ಸಂಜೆಯೊಳಗೆ ಹನ್ನೊಂದು ಹೆಂಗಸರ ಹನ್ನೊಂದು ಹೆಸರು ಕಾಗದಕ್ಕೆ ಬಂದವು. ಕೊನೆಗೆ ಗುರಮ್ಮ ತನ್ನದನ್ನೂ ಬರೆಸಿದಳು. ತಮ್ಮ ಕಚೇರಿ ಆ ಹನ್ನೊಂದನ್ನು ಇಟ್ಟುಕೊಂಡು ಹನ್ನೆರಡನೆಯದನ್ನು ತೆಗೆದುಹಾಕಿತು.

ಅದನ್ನು ಕೇಳಲು ನಾವಿಬ್ಬರೂ ತಮ್ಮ ಮುಂದೆ ಬಂದು ನಿಂತದ್ದು ತಮಗೆ ನೆನಪಿರಲಿಕ್ಕಿಲ್ಲ. ದೂರದ ಪ್ರಾಂತದಿಂದ ನಮ್ಮನ್ನು ಸುಧಾರಿಸಲು ಬಂದವರು ತಾವು, ನೋಡುವ ಮುಖಗಳು ಬಹಳ. ನನಗೆ ಮಾತ್ರ ಒಂದೊಂದು ಮಾತೂ ನೆನಪಿದೆ. ತಾವು ಕಿಟಕಿಯಿಂದ ಬಸ್ಸನ್ನು ನೋಡಿ ಅಂದಿರಿ:

“ಅದು ವಾಸಸ್ಥಳವಲ್ಲ. ವಾಹನ.”

ಗುರಮ್ಮ ಕೈಮುಗಿದೇ ಹೇಳಿದಳು, “ವಾಹನ ಅಂದ್ರ ದೇವರು ಕೂತ ಮೆರಿಯೂದು ಅಲ್ಲೇನ್ರಿ ಸಾಹೇಬರ? ನಾವು ಅದರಾಗ ಅಡಗಿ ಮಾಡ್ತೇವಿ, ಉಣ್ತೇವಿ, ಮಲಗ್ತೇವಿ. ಮನಿ ಅಂದ್ರ ಇನ್ನ ಯಾನ್ ಮಾಡಬೇಕರಿ?”

“ಸ್ಥಿರವಾಗಿರಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಇರುವವರನ್ನು ಯಾವ ಊರಿನ ಪಟ್ಟಿಗೆ ಸೇರಿಸುವುದು?”

“ನಾ ಹುಟ್ಟಿದ್ದು, ಲಗ್ನ ಆಗಿದ್ದು, ಮನಿ ಸುಟ್ಟಿದ್ದು, ಎಲ್ಲಾ ಇದೇ ಜಿಲ್ಲಾದಾಗ ಅದರಿ. ಯಾವ ಊರಿಗಿ ಬೇಕಾದ್ರೂ ಹಾಕ್ರಿ. ನಾ ಬ್ಯಾಡನ್ನಂಗಿಲ್ಲ.”

ತಾವು ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಿರಿ. ಅವನು ಅದನ್ನು ಕನ್ನಡಕ್ಕೆ ತರದೆ ಮೇಜು ಒರೆಸಿದ. ನಾನು ಆಗ ಸುಮ್ಮನಿದ್ದೆ. ಮೂವತ್ತೆರಡು ವರ್ಷದ ನೌಕರಿ ಕಲಿಸಿದ ಕೆಟ್ಟ ಚಾಳಿ ಅದು, ಕುರ್ಚಿಯ ಮುಂದೆ ಸುಮ್ಮನಿರುವುದು. ಇವತ್ತು ಕೇಳುತ್ತೇನೆ: ನಾನು ಮೂವತ್ತೆರಡು ವರ್ಷ ಡೇರೆಯಲ್ಲಿ ಇದ್ದಾಗ ಸರಕಾರಕ್ಕೆ ನನ್ನ ಸ್ಥಿರವಾಸ ಏಕೆ ಬೇಕಾಗಿರಲಿಲ್ಲ? ಹುಕುಂ ಕಳಿಸಬೇಕಾದಾಗ ಯಾವ ಮುಳ್ಳುಕಂಟಿಯ ಹಿಂದೆ ಡೇರೆ ಹೊಡೆದಿದ್ದರೂ ಸರಕಾರ ನನ್ನನ್ನು ಹುಡುಕುತ್ತಿತ್ತು. ಕೆಲಸ ಕೊಡುವಾಗ ಸಿಗುವ ಮನುಷ್ಯ ಹಕ್ಕು ಕೊಡುವಾಗ ಮಾತ್ರ ಎಲ್ಲಿ ಮಾಯವಾಗುತ್ತಾನೆ? ಮೇಲಾಗಿ ತಾವು ಬಂದು ಎರಡು ವರ್ಷ, ನಾಳೆ ವರ್ಗವಾದರೆ ಮೂರನೆಯ ಜಿಲ್ಲೆಗೆ ಹೋಗುತ್ತೀರಿ. ತಮ್ಮ ಓಟು ಯಾವ ಊರಲ್ಲಿದೆ, ಸ್ವಾಮಿ?

ಭಾಲ್ಕಿಯ ಮತದಾನ ಮೊದಲು ಬಂತು. ನಾನು ಹೋಗುವುದಿಲ್ಲ ಎಂದೆ. ಅವಳಿಗಿಲ್ಲದ್ದು ನನಗೇಕೆ ಎಂದು ನನಗೆ ಸಿಟ್ಟು. ಗುರಮ್ಮ ಗದರಿಸಿ ಕಳಿಸಿದಳು. ಸುಟ್ಟ ಮನೆಯ ಮತದಾರನಾಗಿ ಹೋಗಿ ಪೆಟ್ಟಿಗೆಯಲ್ಲಿ ಚೀಟಿ ಹಾಕಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದೆ. ಬರುವಾಗ ಆ ಕೈಯನ್ನು ಕಿಸೆಯಲ್ಲಿಟ್ಟುಕೊಂಡಿದ್ದೆ. ಅವಳು ಕೈ ಹೊರಗೆ ತೆಗೆಸಿ, ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. “ತೊಳದ್ರ ಹೋಗಲ್ಲೇನ್ರಿ ಇದು?” ಎಂದಳು. ಹೋಗುವುದಿಲ್ಲ ಎಂದೆ. “ಛಲೋ ಆತು,” ಎಂದು ಒಲೆಯ ಕಡೆ ತಿರುಗಿದಳು. ಅವಳ ಮುಖ ನನಗೆ ಕಾಣಲಿಲ್ಲ. ಸಾಹೇಬರೇ, ಅಂಥ ಓಟು ಹಾಕಿದ್ದಕ್ಕೆ ನಾನು ಹೆಮ್ಮೆ ಪಡಬೇಕೇ, ತಲೆ ತಗ್ಗಿಸಬೇಕೇ? ತಮ್ಮ ನಿಯಮದಲ್ಲಿ ಏನು ಬರೆದಿದೆ?

ಔರಾದ ಕಡೆಯ ಮತದಾನ ಕೆಲವು ದಿನಗಳ ಮೇಲೆ. ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ನಾವು ಆ ವಾಡಿಗೇ ಬಂದು ನಿಂತಿದ್ದೆವು. ಹನ್ನೊಂದು ಹೆಂಗಸರ ಹೆಸರು ಪಟ್ಟಿಯಲ್ಲಿತ್ತು, ಆದರೆ ಓಟು ಹಾಕುವ ಶಾಲೆ ಇದ್ದದ್ದು ಸಡಕಿನ ಆಚೆಯ ಊರಲ್ಲಿ. ಹಳ್ಳದ ಸುತ್ತುದಾರಿಯಲ್ಲಿ ಗೌಹರ ಮುದುಕಿ ನಡೆಯಲಾರಳು. ನೆಟ್ಟಗಿನ ದಾರಿಯಲ್ಲಿ ಬಾವಿ. ಹೆಂಗಸರು ಹೋಗುವುದಿಲ್ಲ ಎಂದು ಕುಳಿತರು. ಮುಂಜಾನೆ ಎಂಟು ಗಂಟೆಗೆ ಗುರಮ್ಮ ಇಂಜಿನ್ನು ಚಾಲೂ ಮಾಡಿ ಬಾಗಿಲು ತೆರೆದಿಟ್ಟಳು.

“ಹತ್ರಿ. ಬಾವಿ ಬಂದಾಗ ಪರದಾ ಹಾಕ್ತೇನಿ. ಯಾರೂ ನೋಡೂದು ಬ್ಯಾಡ.”

ಹನ್ನೊಂದು ಮಂದಿ ಹತ್ತಿದರು. ಮಂಚದ ಮೇಲೆ, ಟ್ರಂಕಿನ ಮೇಲೆ, ನೆಲದ ಮೇಲೆ ಕುಳಿತರು. ನಾನು ಬಾಗಿಲ ಹತ್ತಿರ ನಿಂತೆ. ಬಾವಿ ಹತ್ತಿರ ಬಂದಾಗ ನಾನು ಪರದೆ ಎಳೆಯಲು ಹೋದೆ. ಬಿಸ್ಮಿಲ್ಲಾಬೀ ನನ್ನ ಕೈ ಹಿಡಿದು ತಡೆದಳು.

“ಜರಾ ನಿಲ್ಲಸ್ರಿ ಅವ್ವಾ.”

ಗುರಮ್ಮ ನಿಲ್ಲಿಸಿದಳು. ಬಿಸ್ಮಿಲ್ಲಾಬೀ ಒಬ್ಬಳೇ ಇಳಿದು ಬಾವಿಯ ಕಟ್ಟೆಯವರೆಗೆ ಹೋದಳು. ಅಲ್ಲಿ ನಿಂತು ಎರಡೂ ಕೈ ಎತ್ತಿ ಪ್ರಾರ್ಥಿಸಿದಳು. ಬಸ್ಸಿನೊಳಗೆ ಒಬ್ಬಳು ಅಳತೊಡಗಿದಳು, ಆಮೇಲೆ ಎಲ್ಲರೂ ಅತ್ತರು. ಗುರಮ್ಮ ಚಕ್ರದ ಮೇಲೆ ಎರಡೂ ಕೈಯಿಟ್ಟು ಮುಂದೆಯೇ ನೋಡುತ್ತಿದ್ದಳು. ಬಿಸ್ಮಿಲ್ಲಾಬೀ ಬಂದು ಹತ್ತಿ, “ನಡೀರಿ ಈಗ,” ಎಂದಳು.

ಹನ್ನೊಂದು ಮಂದಿಯೂ ಓಟು ಹಾಕಿದರು. ಹೆಸರು ಕೂಗಿದಾಗ ಗೌಹರ ಮುದುಕಿ ಊರಿಗೆಲ್ಲ ಕೇಳುವಂತೆ “ಹಾಂ, ನಾನೇ!” ಎಂದಳು. ಗುರಮ್ಮ ಬೇಲಿಯ ಹೊರಗೆ ಬಸ್ಸಿಗೆ ಒರಗಿ ನಿಂತು ನೋಡುತ್ತಿದ್ದಳು. ಆಗ ತಮ್ಮ ಜೀಪು ಬಂತು.

ಮತದಾರರನ್ನು ವಾಹನದಲ್ಲಿ ಹೊತ್ತು ತಂದದ್ದು ಅಪರಾಧ ಎಂದಿರಿ. ಯಾವ ಅಭ್ಯರ್ಥಿಯ ವಾಹನ ಎಂದು ಕೇಳಿದಿರಿ. ಗುರಮ್ಮ ತಿಳಿಯದೆ ನನ್ನನ್ನು ನೋಡಿದಳು, ನಾನು ವಿವರಿಸಿದೆ. ಆಗ ಅವಳು ಕೊಟ್ಟ ಉತ್ತರ ಆ ದಿನ ಅಲ್ಲಿದ್ದ ಇನ್ನೂರು ಜನ ಕೇಳಿದ್ದಾರೆ:

“ನಾ ಯಾರ ಪೈಕಿನೂ ಅಲ್ಲರಿ ಸಾಹೇಬರ. ನೀವು ನನಗ ಓಟೇ ಕೊಟ್ಟಿಲ್ಲ. ಓಟಿಲ್ದಾಕಿ ಯಾರ ಪೈಕಿ ಆಗಬೇಕರಿ?”

ಜನ ನಕ್ಕರು. ಆ ನಗೆಯೇ ನಮ್ಮ ಅಪರಾಧ ಎಂದು ನನಗೆ ಈಗಲೂ ಅನಿಸುತ್ತದೆ. ತಾವು ಕೆಂಪಾಗಿ, ಅಲ್ಲಿಯೇ ಪಂಚನಾಮೆ ಬರೆಸಿದಿರಿ. ಅದರ ನಕಲು ನನ್ನ ಹತ್ತಿರ ಇದೆ. ತಮ್ಮ ಗುಮಾಸ್ತ, ಪಾಪ, ಒಳಗೆ ಹೋಗಿ ಕಂಡದ್ದನ್ನು ಕಂಡಂತೆ ಬರೆದಿದ್ದಾನೆ: ‘ಸದರಿ ಮನೆಯಲ್ಲಿ ದೊರೆತ ವಸ್ತುಗಳು: ಮಂಚ ಎರಡು, ಒಲೆ ಒಂದು, ರೊಟ್ಟಿಯ ಹಂಚು ಒಂದು, ನಾದಿದ ಹಿಟ್ಟು ಒಂದು ಪರಾತ.’ ಕೆಳಗೆ ತಮ್ಮ ದಸ್ತಖತ್ತು. ಸದರಿ ಮನೆಯಲ್ಲಿ! ಹೆಸರು ತೆಗೆದ ಕಾಗದದಲ್ಲಿ ವಾಹನ, ಪಂಚನಾಮೆಯ ಕಾಗದದಲ್ಲಿ ಮನೆ. ತಮ್ಮ ಎರಡು ದಸ್ತಖತ್ತುಗಳಲ್ಲಿ ಯಾವುದನ್ನು ನಂಬಲಿ?

ಅಂದಿನಿಂದ ನಾವು ಬೀದರದಲ್ಲಿ ಅಜೀಜರ ಮನೆಯ ಮುಂಗೋಣೆಯಲ್ಲಿದ್ದೇವೆ. ಮರಿಯಮಬೀ ನಮಗಾಗಿ ಬೇರೆ ಒಲೆ, ಬೇರೆ ಪಾತ್ರೆ ಕೊಟ್ಟು ತಮ್ಮ ಅಡುಗೆಯನ್ನು ಹಿತ್ತಲಿಗೆ ಒಯ್ದುಕೊಂಡಿದ್ದಾರೆ. ಬೇಡವೆಂದರೂ ಕೇಳುವುದಿಲ್ಲ. ಗುರಮ್ಮ ಮೊದಲ ವಾರ ದಿನಾ ತಮ್ಮ ಅಂಗಳಕ್ಕೆ ಬಂದು ಬಸ್ಸಿನ ಗಾಜಿನ ಧೂಳು ಒರೆಸಿ ಹೋಗುತ್ತಿದ್ದಳು. ಆಮೇಲೆ ಜವಾನ ಒಳಗೆ ಬಿಡಲಿಲ್ಲ. ಜಪ್ತಿಯ ಮಾಲನ್ನು ಮುಟ್ಟಬಾರದಂತೆ. ಧೂಳೂ ಜಪ್ತಿಯಾಗಿದೆ ಎಂದು ನಮಗೆ ಗೊತ್ತಿರಲಿಲ್ಲ. ಈಗ ಅವಳು ಮುಂಜಾನೆ ಎದ್ದು ಬಾಗಿಲು ತೆರೆದರೆ ಎದುರಿಗೆ ಗೋಡೆ, ಅದನ್ನು ನೋಡುತ್ತಾಳೆ.

ಹೋದ ಬುಧವಾರ ಹನ್ನೊಂದು ಹೆಂಗಸರು ತಮ್ಮ ಕಚೇರಿಗೆ ಬಂದರಲ್ಲ, ಅವರು ಹೇಗೆ ಬಂದರೆಂದು ತಾವು ಕೇಳಿದಿರಾ? ಕೇಳಿರಲಾರಿರಿ, ತಾವು ಊಟಕ್ಕೆ ಹೋಗಿದ್ದಿರಿ. ನಾನು ಹೇಳುತ್ತೇನೆ. ಗುರಮ್ಮನ ಬಸ್ಸು ಜಪ್ತಿಯಲ್ಲಿದೆ ಎಂಬ ಸುದ್ದಿ ವಾಡಿಗೆ ಮುಟ್ಟಿದ್ದು ತಡವಾಗಿ. ಮುಟ್ಟಿದ ಮರುದಿನವೇ ಅವರು ಹೊರಟರು. ಕರೆದೊಯ್ಯಲು ಯಾರೂ ಇರಲಿಲ್ಲ. ನೆಟ್ಟಗಿನ ದಾರಿ ಹಿಡಿದು, ಗೌಹರ ಮುದುಕಿಯ ಕೈಯನ್ನು ಸರದಿಯಂತೆ ಹಿಡಿದು, ಆ ಬಾವಿಯ ಮಗ್ಗುಲಿನಿಂದ ಕಾಲಲ್ಲಿ ನಡೆದು ಸಡಕಿಗೆ ಬಂದು ಬೀದರದ ಬಸ್ಸು ಹತ್ತಿದರು. ತಮ್ಮ ಮೇಜಿನ ಮೇಲೆ ಈಗ ಬಿದ್ದಿರುವ ಅರ್ಜಿಯಲ್ಲಿ ಹನ್ನೊಂದು ಹೆಬ್ಬೆಟ್ಟು ಇವೆ. ‘ಅರ್ಜಿದಾರರಿಗೂ ಸದರಿ ಗುರಮ್ಮನಿಗೂ ಇರುವ ಸಂಬಂಧವೇನು’ ಎಂದು ಗುಮಾಸ್ತ ಕೇಳಿದನಂತೆ. ಬಿಸ್ಮಿಲ್ಲಾಬೀ ಹೇಳಿದಳಂತೆ:

“ನಮ್ಮ ಹೆಸರ ಬರಸ್ದಾಕಿ ಅದಾಳರಿ. ಆಕಿ ಹೆಸರ ಬರಸಾಕ ನಾವು ಬಂದೇವಿ.”

ಗುಮಾಸ್ತ ಅದನ್ನು ಕಾಗದದಲ್ಲಿ ಬರೆದುಕೊಂಡಿದ್ದಾನೆ ಎಂದು ಕೇಳಿದೆ. ತಮ್ಮ ಕಚೇರಿಯಲ್ಲಿ ಒಬ್ಬನಾದರೂ ಕೇಳಿದ್ದನ್ನು ಕೇಳಿದಂತೆ ಬರೆಯುವವನಿದ್ದಾನೆ. ಅವನನ್ನು ವರ್ಗ ಮಾಡಬೇಡಿ.

ಆ ದಿನ ಸಂಜೆ ಹನ್ನೊಂದೂ ಮಂದಿ ಅಜೀಜರ ಮನೆಯಲ್ಲಿ ಉಳಿದರು. ಮರಿಯಮಬೀ ಮತ್ತು ಗುರಮ್ಮ ಎರಡು ಒಲೆ ಹೊತ್ತಿಸಿದರು. ಇಷ್ಟು ದಿನಗಳಲ್ಲಿ ಮೊದಲ ಸಲ ಗುರಮ್ಮ ನಕ್ಕದ್ದನ್ನು ಕೇಳಿದೆ. ಊಟವಾದ ಮೇಲೆ ಬಂದು ನನ್ನ ಮುಂದೆ ಕಾಗದ, ಲೆಕ್ಕಣಿಕೆ ಇಟ್ಟಳು. “ಬರೀರಿ,” ಎಂದಳು. “ಈ ಸಲ ಕೈಮುಗಿದು ಬರೀಬ್ಯಾಡ್ರಿ.”

ಆದ್ದರಿಂದ ನಮ್ಮ ಬೇಡಿಕೆ, ವಿನಂತಿ ಅಲ್ಲ. ಒಂದನೆಯದು, ಯುಗಾದಿಯೊಳಗೆ ಮೊಹರು ಒಡೆದು ಬಸ್ಸು ಕೊಡಬೇಕು, ಒಡೆಯುವಾಗ ತಾವೇ ಎದುರಿಗೆ ನಿಂತು ಆ ಹಿಟ್ಟಿನ ಪರಾತವನ್ನು ಸ್ವಹಸ್ತದಿಂದ ಹೊರಗೆ ತೆಗೆಯಬೇಕು. ಎರಡನೆಯದು, ಮುಂದಿನ ಪಟ್ಟಿಯಲ್ಲಿ ಗುರಮ್ಮನ ಹೆಸರು ಇರಬೇಕು. ಬೀದರವೋ ಭಾಲ್ಕಿಯೋ ಔರಾದೋ, ಊರು ಯಾವುದೆಂಬ ಹಟ ನಮಗಿಲ್ಲ. ಯಾರದೋ ಹೆಂಡತಿ ಎಂದಲ್ಲ, ಗುರಮ್ಮ ಎಂದೇ ಬರೆಯಬೇಕು. ಯುಗಾದಿಗೆ ಬಸ್ಸು ಬಾರದಿದ್ದರೂ ನಾವು ಗೋಡೆ ನೋಡುತ್ತಾ ಕೂಡುವುದಿಲ್ಲ. ಹೆಸರಿಲ್ಲದೆ ಹೊಡೆದುಹೋದ ಹೆಂಗಸರು ಈ ಮೂರು ತಾಲೂಕಿನಲ್ಲಿ ಎಷ್ಟು ಜನ ಇದ್ದಾರೋ ಅವರ ಮನೆಗಳಿಗೆ ಕಾಲಲ್ಲೇ ಹೊರಡುತ್ತೇವೆ. ಬಿಸ್ಮಿಲ್ಲಾಬೀ ಜೊತೆಗೆ ಬರುತ್ತಾಳಂತೆ. ಒಂದೊಂದು ಹೆಸರಿಗೆ ಒಂದೊಂದು ಅರ್ಜಿ ತಮ್ಮ ಮೇಜಿಗೆ ಬರುತ್ತದೆ. ಮೇಜು ಸಣ್ಣದಿದ್ದರೆ ಈಗಲೇ ದೊಡ್ಡದು ಮಾಡಿಸಿಕೊಳ್ಳಿ.

ಪತ್ರವನ್ನು ಗುರಮ್ಮನಿಗೆ ಓದಿ ತೋರಿಸಿದೆ. ತಮ್ಮನ್ನು ಕುರಿತು ನಾನು ಬರೆದಿದ್ದ ಎರಡು ಮಾತುಗಳನ್ನು ತೆಗೆಸಿದಳು. “ಅವರಿಗೂ ಮನ್ಯಾಗ ಹೆಣ್ಮಕ್ಕಳಿದ್ದಾರು,” ಎಂದಳು. ಆ ಎರಡು ಮಾತು ಏನೆಂದು ತಾವೇ ಊಹಿಸಿಕೊಳ್ಳಿರಿ. ಬಹುಶಃ ಸರಿಯಾಗಿಯೇ ಊಹಿಸುವಿರಿ.

ಇಂತಿ,
ಈ ಜಿಲ್ಲೆಯ ಒಂದೊಂದು ಹೊಲದ ಗಡಿಯನ್ನೂ ಬಲ್ಲ, ಆದರೆ ತಮ್ಮ ಅಧಿಕಾರದ ಗಡಿ ಎಲ್ಲಿದೆಯೆಂದು ಇನ್ನೂ ತಿಳಿಯದ ಪೆನ್ಶನ್‌ದಾರ,
ಹಾವಗೆಪ್ಪ
ಬೀದರ, ೧೯೫೨ರ ಮಾರ್ಚ್